ಸೋಮವಾರದ ಮಾತು

ಹೊಳೆದಂಡೆಯ ಮಠದಲ್ಲಿ ಸೋಮವಾರ ಮಧ್ಯಾಹ್ನ ಪ್ರಸಾದವಾದ ಮೇಲೆ ಬೇವಿನಕಟ್ಟೆಯ ಮೇಲೆ ಒಂದು ಮಾತು ನಡೆಯುತ್ತಿತ್ತು. ದೇಶಾಚಾರ, ಕಂಡು ಬಂದ ಊರು, ಮಂದಿಯ ಕಷ್ಟಸುಖ, ಯಾವುದಾದರೂ ಆದೀತು. ಮೂವತ್ತು ವರ್ಷ ಅದನ್ನು ನಡೆಸಿದವರು ಕಲ್ಲಿನಾಥಜ್ಜ.

ಈ ಸಲ ಅಜ್ಜನ ಗಂಟಲು ಬಿದ್ದುಹೋಯಿತು. ಮೂರು ವರ್ಷ ದೇಶ ಸುತ್ತಿ ಬಂದಿದ್ದ ಶಿಷ್ಯ ಮುರಿಗಯ್ಯನನ್ನು ಕರೆದರು.

"ಇನ್ನ ಕಟ್ಟಿ ನಿಂದು. ಮಂದಿ ಬರೂತನಕ ನಡಸು. ಬರದಿದ್ರ ನಿಲ್ಲಿಸಿಬಿಡೂಣು."

ಮುರಿಗಯ್ಯ ಹಿಗ್ಗಿ ಹೀರೇಕಾಯಿಯಾದ.

ಮೊದಲ ಸೋಮವಾರ ನಲವತ್ತು ಮಂದಿ ಬಂದರು. ಹಿಮದ ಬೆಟ್ಟ, ಸಮುದ್ರದ ಸೇತುವೆ, ಒಂದನ್ನೂ ಬಿಡದೆ ಹೇಳಿದ. ಎರಡನೆಯ ವಾರ ಹದಿನೈದು ಮಂದಿ. ಮೂರನೆಯ ವಾರ ಐವರು, ಅವರಲ್ಲಿ ನಾಲ್ವರು ಕೂತಲ್ಲೇ ತೂಕಡಿಸಿದರು. ಎಚ್ಚರವಿದ್ದು ಅವನ ಬಾಯನ್ನೇ ನೋಡುತ್ತಿದ್ದವಳು ಮುದುಕಿ ಸಂಕವ್ವ ಒಬ್ಬಳೇ.

ಅವತ್ತು ಮಾತು ಮುಗಿಸಿ ಅವನು ದುಮುಗುಡುತ್ತ ಅಜ್ಜನ ಕೋಣೆಗೆ ಬಂದ.

"ಈ ಊರಿಗೆ ಮಾತು ದಂಡ ಅಜ್ಜಾರ. ಯಾರೂ ಕೇಳಲಿಲ್ಲ."

"ನೀ ಯಾರ್ನ ಕೇಳಿದಿ?" ಅಜ್ಜನ ದನಿ ಪಿಸುಮಾತಿನಷ್ಟೇ ಇತ್ತು.

"ನಾ ಯಾಕ ಕೇಳ್ಲಿ? ಹೇಳಾಂವ ನಾನು, ಕೇಳೋರು ಅವರು."

"ಒಬ್ಬರೂ ಕೇಳ್ಲಿಲ್ಲೇನು?"

"ಸಂಕವ್ವ ಕೇಳಿದ್ಳು. ಮೂರು ವಾರಾನೂ ಮುಂದ ಕುಂತು ಕಣ್ಣು ಮಿಟುಕಸದ ಕೇಳಿದ್ಳು. ಆಕಿ ಸಲುವಾಗ್ಯಾದ್ರೂ ನಡಸ್ತೀನಿ."

ಅಜ್ಜ ಕೋಲು ಹಿಡಿದು ಎದ್ದು ಹೊರಗೆ ಬಂದರು. ಮುರಿಗಯ್ಯ ಹಿಂದೆ ಬಂದ. ಸಂಕವ್ವ ಇನ್ನೂ ಕಟ್ಟೆಯ ಕೆಳಗೇ ಕೂತಿದ್ದಳು. ಅಜ್ಜ ಅವಳ ಎದುರು ಕೂತು, ಗದ್ದ ಎತ್ತಿ, ಅಂಗೈ ತಿರುವಿ, ಏನು ಎಂದು ಸನ್ನೆ ಮಾಡಿದರು.

"ಸನ್ನಿ ಯಾಕ್ರೀ?" ಎಂದ ಮುರಿಗಯ್ಯ.

"ಆಕಿಗೆ ಎರಡೂ ಕಿವಿ ಕೇಳಂಗಿಲ್ಲ. ನೀ ದೇಶದ ಮ್ಯಾಲೆ ಹೋದಾಗ ಹೋದವು."

ಮುರಿಗಯ್ಯನ ಮುಖ ಸಣ್ಣದಾಯಿತು.

ಸಂಕವ್ವ ಮಾತ್ರ ಆ ಸನ್ನೆಗೇ ಕಾದು ಕೂತವಳ ಹಾಗೆ ಶುರು ಮಾಡಿದಳು.

"ನನ್ನ ಮಗ ತನ್ನ ಮಗಳು ಚೆನ್ನೀದು ಲಗ್ನ ಮಾಡಾಕ ಹತ್ಯಾನ್ರೀ ಅಜ್ಜಾರ. ಬರೂ ಗುರುವಾರ. ಹದಿಮೂರು ತುಂಬಿಲ್ಲ ನನ್ನ ಮೊಮ್ಮಗಳಿಗೆ. ಸಾಲಿ ಬಿಡಿಸ್ಯಾನ. ನಾ ಬಾಯಿ ತೆರದ್ರ, ಮುದುಕಿ ನೀ ಸುಮ್ನಿರು ಅಂತ ಕೈ ಮಾಡ್ತಾರ. ನೀವಿದ್ದಾಗ ಮಾತು ಮುಗದ ಮ್ಯಾಲೆ ಒಬ್ಬೊಬ್ಬರ್ನ ಕೇಳ್ತಿದ್ರಿ. ಈ ಅಯ್ಯಾರೂ ಕೇಳ್ತಾರ ಅಂತ ಮೂರು ವಾರ ಇವರ ಬಾಯಿ ನಿಲ್ಲೂದನ್ನ ನೋಡ್ಕೋತ ಕುಂತೆ. ನಿಂತ ಕೂಡ್ಲೆ ಎದ್ದು ಹೋಗತಿದ್ರು."

ಮುರಿಗಯ್ಯ ತಲೆ ತಗ್ಗಿಸಿದ. ಹೋದ ಸೋಮವಾರ ಅವನು ಮಾತಾಡಿದ್ದು ಎಳೆಯ ಹುಡುಗಿಯರ ಮದುವೆಯ ಮೇಲೆಯೇ. ದೂರದ ಯಾವುದೋ ಸೀಮೆಯಲ್ಲಿ ಕಂಡದ್ದನ್ನು ಬಣ್ಣಿಸಿ, ಅಲ್ಲಿನ ಜನರ ಮೌಢ್ಯವನ್ನು ಒಂದು ತಾಸು ಜಾಡಿಸಿದ್ದ. ಚೆನ್ನಿಯ ಅಜ್ಜಿ ಆಗ ಎರಡು ಮಾರು ದೂರದಲ್ಲಿ ಕೂತಿದ್ದಳು. ಅವನಿಗೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

"ತಪ್ಪಾತು ಅಜ್ಜಾರ. ಮುಂದಿನ ಸೋಮವಾರ ಇದನ್ನ ಎತ್ತಿ ಮಾತಾಡ್ತೀನಿ."

"ಲಗ್ನ ಗುರುವಾರ."

ಮುರಿಗಯ್ಯ ಕಟ್ಟೆಯ ಮೇಲಿದ್ದ ಶಲ್ಯ ಹೆಗಲಿಗೆ ಹಾಕಿಕೊಂಡು, ನಿಮ್ಮ ಮನೆಗೆ ನಡಿ ಎಂದು ಸಂಕವ್ವನಿಗೆ ಕೈ ತೋರಿಸಿದ. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು.

ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. ನಲವತ್ತು ಮಂದಿಯ ಮುಂದೆ ಆಗದ ಅಂಜಿಕೆ ಈಗ ಒಬ್ಬನ ಮನೆಗೆ ಹೋಗಲು ಆಗುತ್ತಿತ್ತು.

"ಈಕಿ ಮಗ ನನ್ನ ಮಾತು ಕೇಳದಿದ್ರ?"

"ಬಾಗಲಾಗ ಅಡ್ಡ ಕುಂದ್ರು," ಎಂದರು ಅಜ್ಜ. "ಯಾವ ಬೀಗರು ಮಠದ ಅಯ್ಯನ್ನ ದಾಟಿ ಒಳಗ ಬರ್ತಾರ ನೋಡೂಣು."