ತಿರುವಿನ ಗೋಡೆಯ ಹೊಗಳಿಕೆ

ದಂತವೈದ್ಯೆ ಪೂವಮ್ಮ ರಜಾದಿನದ ರೇಸಿಗೆಂದು ತನ್ನ ಕಾರಿಗೆ ಹೊಸ ಟೈರುಗಳನ್ನು ಹಾಕಿಸಿದ್ದಳು. ಬಲಕ್ಕೆ ಹೊರಳುವ ದೊಡ್ಡ ತಿರುವಿನಲ್ಲಿ ಭಾರವೆಲ್ಲ ಮುಂದಿನ ಎಡ ಟೈರಿನ ಮೇಲೆ ಬೀಳುತ್ತಿತ್ತು. ಆ ತಿರುವಿನ ಅಂಚಿನಲ್ಲಿ, ಜಾರಿದ ಕಾರುಗಳನ್ನು ತಡೆಯಲೆಂದು, ಸವೆದ ಟೈರುಗಳನ್ನು ಗೋಡೆಯಂತೆ ಪೇರಿಸಿದ್ದರು. ಕಾರು ಹಾದುಹೋದಾಗಲೆಲ್ಲ ಅವು ಒಟ್ಟಾಗಿ ಆ ಎಡ ಟೈರಿಗೆ ಹೇಳುತ್ತಿದ್ದವು: "ಎಂಥ ಹಿಡಿತ! ನಿನ್ನಂಥವನನ್ನು ನಾವು ನೋಡಿಯೇ ಇಲ್ಲ. ಇನ್ನೂ ಜೋರಾಗಿ ಬಾ."

ಟೈರು ಹಿಗ್ಗಿತು. ಸುತ್ತುಸುತ್ತಿಗೂ ಕಾದು ಕಾದು ಅದರ ರಬ್ಬರು ಮೆತ್ತಗಾಗಿ, ಚೂರುಚೂರಾಗಿ ಕಿತ್ತುಬರತೊಡಗಿತು.

"ಯಾರ ಜೊತೆ ಮಾತಾಡುತ್ತಿದ್ದೀಯ?" ಎಂದು ಹಿಂದಿನ ಟೈರು ಕೇಳಿತು.

"ತಿರುವಿನಲ್ಲಿರುವ ಹಿರಿಯರ ಜೊತೆ. ನನ್ನನ್ನು ಹೊಗಳುತ್ತಿದ್ದಾರೆ."

"ಅವರೊಳಗೆ ಗಾಳಿಯೇ ಇಲ್ಲವಲ್ಲ. ಉಸಿರಿಲ್ಲದವರು ಹೇಗೆ ಮಾತಾಡುತ್ತಾರೆ?"

ಮುಂದಿನ ಟೈರು ಹೆದರಿ ಕಿರುಚಿತು. ಆ ಸದ್ದು ಕೇಳಿದ ಪೂವಮ್ಮ, "ಆಯ್ತು ಮಾರಾಯ, ಸ್ವಲ್ಪ ಆರಿಕೋ," ಎಂದು ವೇಗ ತಗ್ಗಿಸಿದಳು. ಹಿಂದಿದ್ದ ಕೆಂಪು ಕಾರು ಅವಳನ್ನು ದಾಟಿ ಮುನ್ನುಗ್ಗಿತು. ಗೋಡೆ ಈಗ ಅದರ ಟೈರನ್ನು ಹೊಗಳತೊಡಗಿತು. ಸ್ವಲ್ಪ ಹೊತ್ತಿಗೆ ಆ ಟೈರು ಸಿಡಿದು, ಕಾರು ಗೋಡೆಗೆ ಗುದ್ದಿತು. ಚಾಲಕ ಕುಂಟುತ್ತ ಹೊರಬಂದ. ಕೆಲಸಗಾರರು ಕಾರನ್ನು ಎಳೆದೊಯ್ದರು. ಸಿಡಿದ ಟೈರನ್ನು ಮಾತ್ರ ಆ ರಾಶಿಗೇ ಒರಗಿಸಿಟ್ಟರು.

ಪೂವಮ್ಮನ ಕಾರು ಮತ್ತೆ ಆ ತಿರುವಿಗೆ ಬಂದಾಗ ಹಳಬರೆಲ್ಲ ಸುಮ್ಮನಿದ್ದರು. ಒಂದು ಎಳೆಯ ದನಿ ಮಾತ್ರ ಕೇಳಿಸಿತು.

"ಬಾ, ಇಲ್ಲಿ ತುಂಬಾ ತಂಪಾಗಿದೆ."