ಎಕ್ಕದ ಗಿಡದ ಎರಡು ಚಿಟ್ಟೆ

ಕಂಕಣಗಿರಿಯ ಅರಸು ಊರೂರಿಗೂ ಡಂಗುರ ಹೊಡೆಸಿದ: "ಅರಸುಮಗಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡುತ್ತೇವೆ. ತಪ್ಪಿದವನಿಗೆ ತಲೆದಂಡ."

ಹೋದವರಾರೂ ತಿರುಗಿ ಬರಲಿಲ್ಲ. ಎಕ್ಕದ ನಾರಿನಿಂದ ಹಗ್ಗ ಹೊಸೆಯುವ ಸಣ್ಣೀರನ ಅಣ್ಣ ಮಾರಯ್ಯನೂ ಹೋದ. ಎರಡನ್ನು ಬಿಡಿಸಿ ಮೂರನೆಯದಕ್ಕೆ "ಹಕ್ಕಿ" ಎಂದು ಸೋತನಂತೆ, ಸೆರೆಯಲ್ಲಿದ್ದಾನಂತೆ ಎಂಬ ಸುದ್ದಿ ಬಂತು.

"ನೀನಾದರೂ ಹೋಗಬೇಡ ಮಗ," ಎಂದಳು ಅವ್ವ.

ಸಣ್ಣೀರ ಹೋದ. ಗೆಲ್ಲುವ ಆಸೆಯೇನೂ ಇರಲಿಲ್ಲ. ಅಣ್ಣನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ.

ಆಸ್ಥಾನದಲ್ಲಿ ಅರಸುಮಗಳು ಒಬ್ಬ ಪಾಳೆಯಗಾರನ ಮಗನನ್ನು ಕೇಳುತ್ತಿದ್ದಳು: "ಇಬ್ಬರು ಒಂದೇ ಬಣ್ಣದ ಸೀರೆ ಉಟ್ಟಿದ್ದಾರೆ. ಒಬ್ಬಳ ಮೈ ಕಹಿ, ಒಬ್ಬಳ ಮೈ ರುಚಿ. ತಿನ್ನಬಂದವನು ಇಬ್ಬರನ್ನೂ ಬಿಟ್ಟು ಹೋಗುತ್ತಾನೆ. ಯಾರವರು?"

"ಸವತಿಯರು," ಎಂದ ಅವನು. ಭಟರು ಅವನ ರಟ್ಟೆ ಹಿಡಿದು ಎಳೆದೊಯ್ದರು. ಅವಳು ಅದೇ ಒಗಟನ್ನು ಸಣ್ಣೀರನಿಗೆ ಹೇಳಿದಳು.

"ಎಕ್ಕದ ಗಿಡದ ಕೆಂಚು ಚಿಟ್ಟೆ, ತಾಯಿ. ಹುಳುವಾಗಿದ್ದಾಗ ಎಕ್ಕದೆಲೆ ತಿಂದು ಅದರ ಮೈಯೆಲ್ಲ ಕಹಿ. ಇನ್ನೊಂದು ಚಿಟ್ಟೆಗೆ ಕಹಿಯಿಲ್ಲ, ಬಣ್ಣ ಮಾತ್ರ ಆ ಕಹಿ ಚಿಟ್ಟೆಯದೇ. ಕಹಿ ತಿಂದು ಉಗುಳಿದ ಹಕ್ಕಿ ಎರಡನ್ನೂ ಮುಟ್ಟುವುದಿಲ್ಲ."

"ರುಚಿಯವಳ ಸಂತಾನ ಹೆಚ್ಚಿದರೆ ಕಹಿಯವಳ ಮನೆಯಲ್ಲೂ ಸಾವು. ಯಾಕೆ?"

"ಆಗ ಹೊಸ ಹಕ್ಕಿಯ ಬಾಯಿಗೆ ಮೊದಲು ರುಚಿಯದೇ ಸಿಗುತ್ತದೆ. ಆಮೇಲೆ ಆ ಬಣ್ಣಕ್ಕೆ ಅಂಜದೆ ಕಂಡದ್ದನ್ನೆಲ್ಲ ಕುಕ್ಕುತ್ತದೆ. ಕಹಿಯೆಂದು ಉಗುಳುವ ಹೊತ್ತಿಗೆ ಚಿಟ್ಟೆ ಸತ್ತಿರುತ್ತದೆ."

"ಹಾಗಾದರೆ ಕೊನೆಗೆ ಗೆಲ್ಲುವವರು ಯಾರು?"

ಅಣ್ಣ ಸೋತದ್ದು ಇಲ್ಲೇ. ಸಣ್ಣೀರ ಊರಾಚೆಯ ಬಯಲಲ್ಲಿ ತಾನು ವರ್ಷ ವರ್ಷ ಕಂಡದ್ದನ್ನು ನೆನೆದ.

"ಯಾರೂ ಇಲ್ಲ, ತಾಯಿ. ತಿಂದು ಕೊಬ್ಬಿದ ಹಕ್ಕಿ ಗೂಡು ತುಂಬ ಮರಿ ಮಾಡುತ್ತದೆ. ಮರುವರ್ಷ ಚಿಟ್ಟೆಯಿಲ್ಲದೆ ಮರಿಗಳು ಗೂಡಲ್ಲೇ ಒಣಗುತ್ತವೆ. ಹಕ್ಕಿ ಕಡಿಮೆಯಾದಾಗ ಚಿಟ್ಟೆ ಹೆಚ್ಚುತ್ತವೆ, ಮೊದಲು ಕಹಿಯವು, ಅವುಗಳ ಮರೆಯಲ್ಲಿ ರುಚಿಯವು. ಮತ್ತೆ ಹಕ್ಕಿ ಹೆಚ್ಚುತ್ತದೆ. ಇದು ಮುಗಿಯುವುದಿಲ್ಲ."

"ಸರಿ," ಎಂದಳು ಅರಸುಮಗಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ.

ಅರಸು ಎದ್ದು ನಿಂತ. "ಇನ್ನೇನು ಬೇಕೋ ಕೇಳು."

"ಏನೂ ಬೇಡ ಬುದ್ಧಿ, ನನ್ನಣ್ಣನನ್ನು ಬಿಡಿ."

ಅರಸು ಮಂತ್ರಿಯ ಕಡೆ ನೋಡಿದ. ಮಂತ್ರಿ ತಲೆ ತಗ್ಗಿಸಿ, "ಬೆಳಿಗ್ಗೆಯೇ ಮುಗಿಯಿತು," ಎಂದ.

ಸಣ್ಣೀರ ಮದುವೆ ಒಲ್ಲೆನೆಂದ. ಅರಸು ಮಾತಿಗೆ ತಪ್ಪದೆ ಅರ್ಧ ರಾಜ್ಯ ಕೊಟ್ಟ, ಹಿಂದೆ ನೂರು ಭಟರನ್ನು ಕಳಿಸಿದ. ಅಣ್ಣನನ್ನು ಹೊತ್ತ ಗಾಡಿ ಗುಡಿಸಲ ಮುಂದೆ ನಿಂತಿತು.

"ಗೆದ್ದೆಯಂತೆ?" ಎಂದಳು ಅವ್ವ.

"ಹೂಂ, ಅವ್ವ."

ಅವಳು ಗಾಡಿಯ ಮೇಲಿನ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು. ಹೊಸ ಒಡೆಯನ ಅಪ್ಪಣೆಗಾಗಿ ಭಟರು ಕೈಕಟ್ಟಿ ಕಾಯುತ್ತಿದ್ದರು.

"ಗುಂಡಿ ತೋಡಲು ಹೇಳು," ಎಂದಳು.