ಮೀಸಲು ಹುಲ್ಲಿಗೆ ಸಿಟ್ಟು ಬಂದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ, ಮಂಜು, ಕಲ್ಲು ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಮಾತೇನು, ಜಗಳವನ್ನೂ ಆಡುತ್ತಿದ್ದವು.

ಆ ಕಾಲದಲ್ಲಿ ಮೋಡಕ್ಕೆ ತಲೆ ತಾಗುವಷ್ಟು ಎತ್ತರದ ಒಂದು ಬೆಟ್ಟವಿತ್ತು. ಬೆಟ್ಟದ ನೆತ್ತಿಯ ಮೇಲೆ ಒಂದು ಹುಲ್ಲುಗಾವಲು. ಅಲ್ಲಿ ಮರವಿಲ್ಲ, ಪೊದೆಯಿಲ್ಲ, ಕಣ್ಣು ಹೋದಷ್ಟು ದೂರ ಬರೀ ಹುಲ್ಲು. ಹುಲ್ಲಿನ ನಡುವೆ ಬೆರಳುಗುರಿನಷ್ಟು ಸಣ್ಣ ಹೂವುಗಳು.

ಆ ಹುಲ್ಲಿನ ಬೀಜ ಆಗ ಹೇಗಿತ್ತು ಗೊತ್ತೇ ಮಗು? ಮೆತ್ತಗಿತ್ತು. ಮುಳ್ಳಿರಲಿಲ್ಲ, ಮೊನೆ ಇರಲಿಲ್ಲ. ಕೆನ್ನೆಗೆ ಒತ್ತಿಕೊಂಡರೆ ಎಳೆಗರುವಿನ ಕಿವಿ ತಾಗಿದ ಹಾಗಿರುತ್ತಿತ್ತು. ಪಾಪ, ಅಷ್ಟು ಮೆತ್ತಗಿದ್ದದ್ದೇ ಅದರ ತಪ್ಪಾಯಿತು.

ಬೆಟ್ಟದ ಅರ್ಧದಲ್ಲಿ ಕುರಿ ಕಾಯುವವರ ಒಂದು ಹಟ್ಟಿ. ಹಟ್ಟಿಯವರು ನೆತ್ತಿಯ ಹುಲ್ಲನ್ನು ಮೀಸಲು ಬಿಟ್ಟಿದ್ದರು. ಮೀಸಲು ಅಂದರೆ, ಹುಲ್ಲು ಹೂಬಿಟ್ಟು, ಬೀಜ ಕಟ್ಟಿ, ಆ ಬೀಜ ಉದುರಿ ಮಣ್ಣು ಸೇರುವ ತನಕ ಒಂದು ಕುರಿಯೂ ಮೇಲೆ ಹತ್ತುವ ಹಾಗಿಲ್ಲ. ಯಾಕೆ ಅಂದರೆ ಆ ಹುಲ್ಲಿನ ಬೇರಿನ ಸಂದಿಯಿಂದ ಒಸರುವ ನೀರೇ ಹಟ್ಟಿಯ ತೊರೆ. ಬೀಜ ಇದ್ದರೆ ಹುಲ್ಲು, ಹುಲ್ಲು ಇದ್ದರೆ ನೀರು. ಇದಕ್ಕಾಗಿ ಗಡಿಯಲ್ಲಿ ಒಂದು ಉದ್ದನೆ ಕಲ್ಲು ನೆಟ್ಟು, ಒಬ್ಬಳು ಕಾವಲಿನವಳನ್ನು ಇಟ್ಟಿದ್ದರು.

ಆ ಕಾವಲಿನವಳೇ ಮಾಳಜ್ಜಿ. ಬೆನ್ನು ಬಾಗಿತ್ತು, ನಾಲಿಗೆ ಮಾತ್ರ ಬಾಗಿರಲಿಲ್ಲ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು, ತುರುಬಿನಲ್ಲಿ ಕಂಬಳಿ ಹೊಲಿಯುವ ಕಬ್ಬಿಣದ ದಬ್ಬಣ. ನೂಲುತ್ತ ನೂಲುತ್ತಲೇ ಅವಳು ಹುಲ್ಲಿನೊಳಗೆ ಓಡಾಡುವಳು. ತೆನೆಯ ಕೆಳಗೆ ಕಂಬಳಿ ಹಾಸಿ ತೆನೆಯನ್ನು ಮೆಲ್ಲಗೆ ಅಲ್ಲಾಡಿಸುವಳು. ಒಂದೇ ಒಂದು ಬೀಜ ಕಂಬಳಿಗೆ ಬಿದ್ದರೂ "ಇನ್ನೂ ಆಗಿಲ್ಲ" ಅನ್ನುವಳು. ಏನೂ ಬೀಳದ ದಿನ ಕಲ್ಲಿನ ಹತ್ತಿರ ಬಂದು "ಹೂಂ, ಹೊಡ್ಕೊಂಡ್ ಬನ್ನಿ" ಎಂದು ಕೂಗುವಳು. ಆಮೇಲೇ ಕುರಿಗಳು ಹತ್ತುವುದು. ಹಟ್ಟಿಯ ಯಾರೂ ಈ ಮಾತನ್ನು ಮೀರಿದವರಲ್ಲ.

ಹೀಗಿರುವಾಗ ಕೆಳಗಿನ ಸೀಮೆಯ ದೊರೆಗೆ ನಿದ್ದೆ ಬಾರದೆ ಹೋಯಿತು. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡು ಮಲಗಿದರೆ ಹಾಸಿಗೆ ಚುಚ್ಚುತ್ತದಂತೆ. ಹತ್ತಿ ತುಂಬಿಸಿದರೆ ಗಂಟುಗಂಟು. ಗರಿ ತುಂಬಿಸಿದರೆ ಸೀನು. ಒಂದು ದಿನ ಯಾರೋ ಕಿವಿಯೂದಿದರು, ಬೆಟ್ಟದ ನೆತ್ತಿಯ ಮೇಲೆ ಬೆಣ್ಣೆಯಂಥ ಬೀಜ ಇದೆ ಎಂದು. ಸರಿ, ದೊರೆ ನಲವತ್ತು ಆಳುಗಳ ಕೈಗೆ ಪೊರಕೆ, ಗೋಣಿಚೀಲ ಕೊಟ್ಟು ಹತ್ತಿಸಿಯೇಬಿಟ್ಟ. ಹಟ್ಟಿಯ ಯಜಮಾನ ಕಾಟಯ್ಯನಿಗೆ ಅಂತ ಒಂದು ಕೆಂಪು ರುಮಾಲನ್ನೂ ಕಳಿಸಿದ.

ಬೀಜ ಬಲಿತಿತ್ತು, ಆದರೆ ಉದುರಿರಲಿಲ್ಲ. ಮಾಳಜ್ಜಿ ಗಡಿಕಲ್ಲಿಗೆ ಒರಗಿ ನೂಲುತ್ತಿದ್ದಳು. ಮುಂದೆ ಕೆಂಪು ರುಮಾಲು ಸುತ್ತಿದ ಕಾಟಯ್ಯ, ಹಿಂದೆ ನಲವತ್ತು ಪೊರಕೆ.

"ಅಜ್ಜಿ, ದಾರಿ ಬಿಡು. ದೊರೆ ಕಡೆಯೋರು ಬಂದವ್ರೆ."

"ಏನ್ ಬೇಕಂತೆ?"

"ಬೀಜ ಬೇಕಂತೆ."

"ಬಿತ್ತಾಕಾ?"

ಕಾಟಯ್ಯ ರುಮಾಲು ಸರಿಮಾಡಿಕೊಂಡ. "ಹಾಸಿಗೆಗೆ."

ಅಜ್ಜಿಯ ಕೈಯಲ್ಲಿ ಕದಿರು ನಿಂತಿತು. ಕೇಳಿಸಿತ್ತು, ಆದರೂ ಇನ್ನೊಂದು ಸಲ ಕೇಳಿದಳು. "ಯಾತಕ್ಕೆ ಅಂದೆ?"

"ಹಾಸಿಗೆಗೆ ಅಜ್ಜಿ. ದೊರೆ ಮಲಗಾಕೆ."

ಹಾಸಿಗೆಗಂತೆ! ಒಂದು ಬೆಟ್ಟದ ನಾಳೆಯನ್ನೆಲ್ಲ ಬಳಿದುಕೊಂಡು ಹೋಗಿ ಬೆನ್ನಿನ ಕೆಳಗೆ ಹಾಕಿಕೊಳ್ಳುತ್ತಾನಂತೆ! ಮಾಳಜ್ಜಿಗೆ ಮೈಯೆಲ್ಲ ಉರಿದುಹೋಯಿತು.

"ಲೇ ಕಾಟ, ಇದು ಮೀಸಲು ಕಣೋ. ನಿಮ್ಮಪ್ಪ ನೆಟ್ಟ ಕಲ್ಲು ಇದು. ನಿನ್ನ ಕುರಿ ಹಸ್ಕೊಂಡು ಅರಚ್ತಿದ್ದಾಗ್ಲೂ ನೀನು ದಾಟ್ಸಿಲ್ಲ. ಈಗ ಯಾವನೋ ಮಧ್ಯಾಹ್ನ ಮಲಗ್ತಾನೆ ಅಂತ ದಾಟ್ಸ್ತೀಯಾ?"

ಕಾಟಯ್ಯ ಅತ್ತ ಇತ್ತ ನೋಡಿ ಗಂಟಲು ಸರಿಮಾಡಿಕೊಂಡ. "ಕುರಿ ದಾಟಬಾರ್ದು ಅಂತ ಐತೆ ಅಜ್ಜಿ. ಮೇಯಬಾರ್ದು ಅಂತ ಐತೆ. ಇವ್ರೇನು ಮೇಯಾಕೆ ಬಂದವ್ರಾ? ತುಂಬ್ಕೊಂಡು ಹೋಗಾಕೆ ಬಂದವ್ರೆ. ಚೀಲಕ್ಕೆ ತುಂಬಬಾರ್ದು ಅಂತ ನಮ್ಮಪ್ಪ ಯಾವತ್ತು ಹೇಳಿದ್ದ?"

ಕೇಳಿದೆಯಾ ಮಾತಿನ ಚಂದ! ಹಿಂದೆ ಬಂದಿದ್ದ ಹಟ್ಟಿಯವರೂ ಒಬ್ಬರ ಮುಖ ಒಬ್ಬರು ನೋಡಿ, "ಅದೂ ಹೌದಲ್ವಾ" ಅಂದರು. ಕುರಿಯ ಬಾಯಿಗೆ ಹೆದರಿ ಕಲ್ಲು ನೆಟ್ಟ ಜನ, ಮನುಷ್ಯನ ಚೀಲಕ್ಕೂ ಒಂದು ಮಾತು ಹೇಳಿಡಬೇಕಿತ್ತು ಅನ್ನುವುದನ್ನು ಮರೆತಿದ್ದರು.

ನಲವತ್ತು ಪೊರಕೆಗಳು ಕಲ್ಲು ದಾಟಿದವು. ತೆನೆ ಬಡಿದರು, ಗುಡಿಸಿದರು, ಬಾಚಿದರು. ಮಾಳಜ್ಜಿ ಒಬ್ಬೊಬ್ಬರ ಕೈ ಹಿಡಿದು ಎಳೆದಳು. ನಲವತ್ತು ಜನರನ್ನು ಒಬ್ಬಳು ಎಷ್ಟು ಅಂತ ಎಳೆದಾಳು? ಕೊನೆಗೆ ಹುಲ್ಲುಗಾವಲಿನ ನಟ್ಟನಡುವೆ ಕಂಬಳಿ ಹೊದ್ದು ಅಡ್ಡ ಮಲಗಿಬಿಟ್ಟಳು.

"ಏಳಲ್ಲ. ಏನ್ ಮಾಡ್ತೀರೋ ಮಾಡ್ರಿ."

"ಮುದುಕಿ ಸುತ್ತ ಗುಡಿಸ್ರೋ" ಎಂದು ಒಬ್ಬ ನಕ್ಕ. ಹಾಗೇ ಗುಡಿಸಿದರು. ಚೀಲಗಳನ್ನು ಹೊತ್ತು ಇಳಿದು ಹೋದರು. ಅಷ್ಟು ದೊಡ್ಡ ಬೆಟ್ಟದ ಮೇಲೆ ಅಜ್ಜಿಯ ಮೈ ಮುಚ್ಚಿದ್ದಷ್ಟೇ ಅಗಲದ ಜಾಗದಲ್ಲಿ ಬೀಜ ಉಳಿಯಿತು. ಅವಳು ಕುಳ್ಳಗೆ ಬೇರೆ ಇದ್ದಳು.

ಮಾಳಜ್ಜಿ ಎದ್ದು ಕೂತಳು. ಅಳಲಿಲ್ಲ. ಅಳುವಷ್ಟು ಪುರುಸೊತ್ತನ್ನು ಸಿಟ್ಟು ಅವಳಿಗೆ ಕೊಡಲಿಲ್ಲ. ಮೊದಲು ಗಡಿಕಲ್ಲಿನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನಪ್ಪಾ ಕಲ್ಲಪ್ಪ, ನಿನ್ನ ಪಕ್ಕದಾಗೇ ಹೋದ್ರಲ್ಲ ಅಷ್ಟೂ ಜನ. ಒಬ್ಬನ ಕಾಲಾದ್ರೂ ಎಡವಿಸಬಾರ್ದಿತ್ತಾ?"

"ನೆಟ್ಟ ಕಡೆ ನಿಂತಿರೋದು ನನ್ನ ಕೆಲಸ ಅಜ್ಜಿ" ಎಂದಿತು ಕಲ್ಲು. "ನಿಂತಿದ್ದೆ."

"ನಿಂತಿದ್ದನಂತೆ!" ಎಂದು ಅಜ್ಜಿ ಗಾಳಿಯ ಕಡೆ ತಿರುಗಿದಳು. "ನೀನು? ದಿನಾ ನನ್ನ ಕಂಬಳಿ ಹಾರಿಸೋನು, ಇವತ್ತು ಒಂದು ಚೀಲ ಹಾರಿಸಾಕೆ ಆಗ್ಲಿಲ್ವಾ?"

"ಚೀಲ ಭಾರ ಇತ್ತಜ್ಜಿ" ಎಂದು ಗಾಳಿ ಗೊಣಗಿತು. "ನಾನು ಹಗುರ ಇರೋದನ್ನ ಮಾತ್ರ ನೋಡ್ಕೋತೀನಿ."

"ಮಂಜಕ್ಕ, ನೀನೇನು ಹೇಳ್ತೀಯಾ ಹೇಳು, ಅದನ್ನೂ ಕೇಳ್ಬಿಡ್ತೀನಿ."

ಮಂಜು ನಾಚಿ ಇನ್ನಷ್ಟು ತೆಳ್ಳಗಾಯಿತು. "ನನಗೆ ಏನೂ ಕಾಣಲಿಲ್ಲ ಕಣವ್ವ. ನಾನಿರೋ ಕಡೆ ಯಾರಿಗೂ ಏನೂ ಕಾಣಲ್ವಲ್ಲ."

"ಥೂ ನಿಮ್ಮ!" ಎಂದಳು ಮಾಳಜ್ಜಿ. "ದೋಚೋನಿಗೆ ಕೈ ನಲವತ್ತು, ಕಾಯೋನಿಗೆ ಒಂದೊಂದು ನೆಪ. ನಾಚ್ಕೆ ಆಗಲ್ವಾ?"

ನಾಚಿಕೆ ಆಯಿತು. ಮೂವರಿಗೂ.

ಆಗ ಅಜ್ಜಿಯ ಕಾಲಬುಡದಿಂದ ಸಣ್ಣ ದನಿಗಳು ಕೇಳಿಸಿದವು. ಉಳಿದಿದ್ದ ಬೀಜಗಳು ಮಾತಾಡುತ್ತಿದ್ದವು. "ಅಜ್ಜಿ, ನಾವು ಮೆತ್ತಗಿದ್ದೀವಿ ಅಂತ ತಾನೇ ಎತ್ಕೊಂಡು ಹೋದ್ರು? ನಮಗೂ ಏನಾದ್ರೂ ಕೊಡು."

ಮಾಳಜ್ಜಿ ತನ್ನಲ್ಲಿ ಏನಿದೆ ಎಂದು ನೋಡಿಕೊಂಡಳು. ಒಂದು ದಬ್ಬಣ, ಒಂದು ಕಂಬಳಿ, ಒಂದು ಕದಿರು. ಅಷ್ಟೇ ಇದ್ದದ್ದು.

"ಬಾಪ್ಪಾ ಕಲ್ಲಪ್ಪ, ಎಡವಿಸಾಕೆ ಬರದಿದ್ರೆ ಬೇಡ, ಬೆನ್ನಾದ್ರೂ ಕೊಡು" ಎಂದು ಗಡಿಕಲ್ಲಿನ ಮೇಲೆ ದಬ್ಬಣವನ್ನು ಉಜ್ಜತೊಡಗಿದಳು. ಉಜ್ಜಿ ಉಜ್ಜಿ ದಬ್ಬಣ ಸಣ್ಣ ಸಣ್ಣ ಮೊನೆಗಳಾಗಿ ಉದುರಿತು. ಬೀಜಕ್ಕೊಂದರಂತೆ ಮೊನೆ ಕೂರಿಸಿದಳು. ಕಂಬಳಿಯ ಕೂದಲು ಕಿತ್ತು, ಮೊನೆಯ ಸುತ್ತ ಹಿಂದುಮುಂದಾಗಿ ಅಂಟಿಸಿದಳು. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಆಮೇಲೆ ಒಂದೊಂದು ಬೀಜಕ್ಕೂ ಕದಿರಿನ ನೂಲಿನದೇ ಉದ್ದನೆ ಬಾಲ ಹಚ್ಚಿ, ಮಂಜಿನಲ್ಲಿ ಒದ್ದೆಮಾಡಿ, ಕದಿರಿನ ಮೇಲೆ ಉಣ್ಣೆ ಹುರಿ ಮಾಡುವ ಹಾಗೆ ಬಿಗಿಯಾಗಿ ಹುರಿಮಾಡಿದಳು. ಅವಳಿಗಿದ್ದ ಸಿಟ್ಟೆಲ್ಲ ಆ ಹುರಿಯಲ್ಲಿ ಸೇರಿಕೊಂಡಿತು. ನೀರು ತಾಗಿದರೆ ಸಾಕು, ಬಾಲ ಗಿರ್ರನೆ ತಿರುಗಿ ಮೊನೆಯನ್ನು ಮಣ್ಣಿಗೆ ಇಳಿಸುವುದು.

"ಇನ್ನು ನಿಮ್ಮನ್ನ ಯಾರೂ ಗುಡಿಸಾಕಾಗಲ್ಲ" ಎಂದಳು. "ಗಾಳಿಯಪ್ಪ, ಇವು ಹಗುರ ಅವೆ. ಇನ್ನೇನು ನೆಪ ಹೇಳ್ತೀಯೋ ಹೇಳು."

ಗಾಳಿ ನೆಪ ಹೇಳಲಿಲ್ಲ. ಒಂದೊಂದನ್ನೇ ಎತ್ತಿಕೊಂಡು ಹೋಗಿ ದೂರದೂರಕ್ಕೆ ಇಳಿಸಿತು. ಮಂಜು ಹಿಂದೆಯೇ ಹೋಗಿ ಹನಿ ಹಾಕಿತು.

ಆ ವರುಷ ಮಾತ್ರ ಹಟ್ಟಿಗೆ ಕೆಟ್ಟ ವರುಷ. ಬೋಳು ನೆತ್ತಿಯ ಮೇಲೆ ಮಳೆ ಸುರಿದು ಕೆಂಪು ಮಣ್ಣು ಕೊಚ್ಚಿಬಂತು. ತೊರೆ ಮೊದಲು ರಾಡಿಯಾಯಿತು, ಆಮೇಲೆ ಬತ್ತಿತು. ಹೆಂಗಸರು ಕೊಡ ಹೊತ್ತು ಮೂರು ಗುಡ್ಡ ಇಳಿದು ಹತ್ತಿದರು. ಕುರಿಮರಿಗಳು ಸತ್ತವು. "ಅದೂ ಹೌದಲ್ವಾ" ಅಂದಿದ್ದವರು ಮಾಳಜ್ಜಿಯ ಎದುರು ಬರುವಾಗ ದಾರಿ ಬದಲಿಸುತ್ತಿದ್ದರು. ದೊರೆ ಕೆಳಗೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದ.

ಮೂರನೆಯ ಮಳೆಗಾಲಕ್ಕೆ ನೆತ್ತಿಯ ತುಂಬ ಹುಲ್ಲು ಬಂತು. ತೊರೆಯೂ ಬಂತು. ಅಷ್ಟರಲ್ಲಿ ದೊರೆಯ ಹಾಸಿಗೆ ಚಪ್ಪಟೆಯಾಗಿತ್ತು. ಈ ಸಲ ಒಳ್ಳೆಯ ಬೀಜ ತಾನೇ ಆರಿಸುತ್ತೇನೆಂದು ರೇಷ್ಮೆ ಪಂಚೆ ಉಟ್ಟು ಪಲ್ಲಕ್ಕಿಯಲ್ಲಿ ಬಂದ. ಜೊತೆಗೆ ಅದೇ ಆಳುಗಳು, ಅದೇ ಕಾಟಯ್ಯ.

ಮಾಳಜ್ಜಿ ಅಡ್ಡ ಬರಲಿಲ್ಲ. ಪಕ್ಕಕ್ಕೆ ಸರಿದು, "ಹೋಗಿ ಸ್ವಾಮಿ, ಹೋಗಿ. ಒಳಗ್ ಹೋಗಿ" ಎಂದಳು.

ಹೋದರು. ಹತ್ತು ಹೆಜ್ಜೆ ಇಟ್ಟರೋ ಇಲ್ಲವೋ, ದೊರೆ ಒಂದು ಕಾಲಲ್ಲಿ ಕುಣಿಯತೊಡಗಿದ. ಪಂಚೆಯ ತುಂಬ ಮೊನೆ ಬಾಲದ ಆ ಬೀಜ, ಊಬು! ಒಂದು ಕಡೆ ಕೊಡವಿದರೆ ಇನ್ನೊಂದು ಕಡೆ ಚುಚ್ಚುತ್ತಿತ್ತು. ಬೆವರು ತಾಗಿದ ಬಾಲಗಳು ತಿರುಗಿ ತಿರುಗಿ ಒಳಗಿಳಿದವು. ಆಳುಗಳು ಪೊರಕೆ ಬಿಸಾಡಿ ಓಡಿಬಂದು ಕಲ್ಲಿನ ಆಚೆ ಕೂತರು.

"ಯಾರಲ್ಲಿ! ಬಂದು ಬಿಡಿಸ್ರೋ!" ಎಂದು ದೊರೆ ಕೂಗಿದ. ಯಾರೂ ಬರಲಿಲ್ಲ. ನಲವತ್ತು ಆಳುಗಳೂ ತಂತಮ್ಮ ಊಬು ಬಿಡಿಸಿಕೊಳ್ಳುತ್ತಿದ್ದರು. ದೊರೆ ಹುಟ್ಟಿದ ಮೇಲೆ ಮೊದಲ ಸಲ ತನ್ನ ಕೆಲಸ ತಾನೇ ಮಾಡಲು ಕೂತ.

"ಅಜ್ಜಿ, ನಾನು ಹಟ್ಟಿಯೋನು! ನನಗೂ ಚುಚ್ತಾವಲ್ಲ!" ಎಂದು ಕಾಟಯ್ಯ ಗೋಗರೆದ.

"ಅವಕ್ಕೆ ನಿನ್ನ ಗುರ್ತು ಎಲ್ಲಿ ಸಿಗಬೇಕು? ಕೂತ್ಕೊಂಡು ಬಿಡಿಸ್ಕೋ" ಎಂದಳು.

ಹೊತ್ತು ಇಳಿಯುವ ತನಕ ಬಿಡಿಸಿದರು. ಬರಿಗೈಯಲ್ಲಿ ಇಳಿದು ಹೋದರು. ಮತ್ತೆ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಮಾಳಜ್ಜಿ ಹುಲ್ಲಿನೊಳಗೆ ಹೋದಳು. ಹಳೆಯ ಅಭ್ಯಾಸ, ಒಂದು ತೆನೆ ಬಗ್ಗಿಸಿ ಕೆನ್ನೆಗೆ ಒತ್ತಿಕೊಂಡಳು. ಚುಚ್ಚಿತು. ಅವಳಿಗೂ ಚುಚ್ಚಿತು! ಹುಲ್ಲಿಗೆ ಒಳ್ಳೆಯವರು ಕೆಟ್ಟವರು ಅಂತ ಆರಿಸಲು ಅವಳು ಕಲಿಸಿರಲಿಲ್ಲ. ಕಲಿಸುವುದಕ್ಕೆ ಆಗುವುದೂ ಇಲ್ಲ. ಕೆನ್ನೆ ಉಜ್ಜಿಕೊಳ್ಳುತ್ತ ಅಲ್ಲೇ ಕೂತಳು. ಆಗ ಅತ್ತಳು.

"ಮೆತ್ತಗಿದ್ದದ್ದನ್ನ ಮೆತ್ತಗಿರಾಕೆ ಬಿಡಲಿಲ್ವಲ್ಲೋ, ಪಾಪಿಗಳಾ" ಎಂದಳು.

ಹುಲ್ಲು ಉಳಿಯಿತು. ಆದರೆ ಅದನ್ನು ಕೆನ್ನೆಗೆ ಒತ್ತಿಕೊಳ್ಳುವ ಭಾಗ್ಯ ಆವತ್ತಿನಿಂದ ಯಾವ ಮಗುವಿಗೂ ಇಲ್ಲ.

ಅದಕ್ಕೇ ಮಗು, ನೀನು ಬೆಟ್ಟದ ಹುಲ್ಲಿನಲ್ಲಿ ಓಡಾಡಿ ಇಳಿದು ಬಂದಾಗ ಇವತ್ತಿಗೂ ನಿನ್ನ ಲಂಗ, ಚಡ್ಡಿ, ಕಾಲುಚೀಲದ ತುಂಬ ಊಬು ಚುಚ್ಚಿಕೊಂಡಿರುತ್ತದೆ, ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟರೆ ಸಿಟ್ಟಿನಿಂದ ಗಿರ್ರನೆ ತಿರುಗುತ್ತದೆ. ಒಂದೊಂದಾಗಿ ಬಿಡಿಸುವಾಗ ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿ, ಆದರೆ ಹುಲ್ಲನ್ನಲ್ಲ, ಆ ಹಾಸಿಗೆಯವನನ್ನು.